ಮೀನಿಗಿಂತ ಮೊದಲು ನೀರು ಹುಡುಕಬೇಕು: ಗ್ರೇಟ್ ಲೇಕ್ಸ್‌ನ ಬೇಸಿಗೆ ಟ್ರೋಲಿಂಗ್

ಜುಲೈ ಕೊನೆಯ ವಾರ ಮಿಷಿಗನ್ ಸರೋವರದ ದಡದಲ್ಲಿ ಮಕ್ಕಳು ಆರಾಮಾಗಿ ಈಜುತ್ತಿರುತ್ತಾರೆ. ಮೇಲಿನ ನೀರು 22 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಅದೇ ಸರೋವರದಲ್ಲಿ ನಾಲ್ಕೈದು ಮೈಲಿ ಒಳಗೆ ಹೋಗಿ, 120 ಅಡಿ ಕೆಳಗೆ ಥರ್ಮಾಮೀಟರ್ ಇಳಿಸಿ ನೋಡಿ. 5–6 ಡಿಗ್ರಿ ತೋರಿಸುತ್ತದೆ. ಫ್ರಿಜ್‌ನಲ್ಲಿಟ್ಟ ನೀರಿನಷ್ಟು ತಣ್ಣಗೆ. ಇಲ್ಲಿನ ದೊಡ್ಡ ಮೀನು ಚಿನೂಕ್ ಸಾಲ್ಮನ್ ಈ ಎರಡರ ಮಧ್ಯೆ ಒಂದು ತೆಳ್ಳನೆಯ ಪಟ್ಟಿಯಲ್ಲಿ ಓಡಾಡುತ್ತದೆ. ಆ ಪಟ್ಟಿ ಇವತ್ತು ಎಷ್ಟು ಅಡಿ ಕೆಳಗಿದೆ ಅಂತ ತಿಳಿದವರಿಗೆ ಮೀನು ಸಿಗುತ್ತದೆ. ಉಳಿದವರಿಗೆ ಒಳ್ಳೆಯ ದೋಣಿ ವಿಹಾರ ಸಿಗುತ್ತದೆ.

ಚಿಕಾಗೊ, ಮಿಲ್ವಾಕಿ, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಟೊರಾಂಟೊ. ಕನ್ನಡದ ಮನೆಗಳು ಬೇಕಾದಷ್ಟಿರುವ ಊರುಗಳು ಇವು. ಈ ಊರುಗಳೆಲ್ಲ ಗ್ರೇಟ್ ಲೇಕ್ಸ್ ಅನ್ನುವ ಐದು ಮಹಾ ಸರೋವರಗಳ ಆಸರೆಯಲ್ಲೇ ಬೆಳೆದಿವೆ. ಹಾಗಿದ್ದೂ ಆ ನೀರಿನೊಳಗೆ ಏನು ನಡೆಯುತ್ತಿದೆ ಅಂತ ನಮ್ಮವರಲ್ಲಿ ಮಾತಾಡುವವರು ಕಡಿಮೆ. ಟ್ರೋಲಿಂಗ್ ಅರ್ಥ ಮಾಡಿಕೊಳ್ಳುವ ನೆಪದಲ್ಲಿ ಇಡೀ ಸರೋವರವೇ ಅರ್ಥವಾಗುತ್ತದೆ. ಅದಕ್ಕೇ ನನಗೆ ಈ ವಿಷಯ ಇಷ್ಟ.

ಟ್ರೋಲಿಂಗ್ ಅಂದರೆ ದೋಣಿಯನ್ನು ನಿಧಾನಕ್ಕೆ ಓಡಿಸುತ್ತಾ, ಹಿಂದೆ ಹಲವು ದಾರಗಳನ್ನು ಬೇರೆ ಬೇರೆ ಆಳದಲ್ಲಿ ಎಳೆದುಕೊಂಡು ಹೋಗುವುದು. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳು ಎಳೆಯುವುದು ಬಲೆ. ಇಲ್ಲಿ ಬಲೆ ಇಲ್ಲ. ಒಂದೊಂದು ದಾರದ ತುದಿಗೆ ಗಾಳ ಸಿಕ್ಕಿಸಿದ ಒಂದೊಂದು ನಕಲಿ ಮೀನು. ಅದನ್ನು ಲೂರ್ ಅನ್ನುತ್ತಾರೆ. ಒಂದೇ ಕಡೆ ಕೂತು ಗಾಳ ಹಾಕಿದರೆ ಆಗದೇ ಅಂದರೆ, ಬೇಸಿಗೆಯಲ್ಲಿ ಆಗುವುದು ತುಂಬಾ ಕಷ್ಟ. ಮಿಷಿಗನ್ ಸರೋವರ ಒಂದೇ ಸುಮಾರು 58,000 ಚದರ ಕಿಲೋಮೀಟರ್ ಇದೆ. ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಮೀನುಗಳು ಬಂಡೆಗೋ ದಡಕ್ಕೋ ಅಂಟಿಕೊಂಡಿರುವುದಿಲ್ಲ, ನಡುನೀರಿನಲ್ಲಿ ತೇಲಿಕೊಂಡು ಅಲೆಯುತ್ತವೆ. ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಾಲ್ಕು ಗಂಟೆ ಹೋದರೆ 16 ಕಿಲೋಮೀಟರ್ ನೀರನ್ನು ಜಾಲಾಡಿದ ಹಾಗಾಯಿತು. ಅದೂ ಏಳೆಂಟು ಬೇರೆ ಬೇರೆ ಆಳದಲ್ಲಿ.

ಈಗ ಆ ಪದರಗಳ ವಿಷಯ. ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ನೀರು ಅತಿ ಹೆಚ್ಚು ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ಬೆಚ್ಚಗಾದಷ್ಟೂ ಹಗುರವಾಗುತ್ತದೆ. ಜೂನ್ ಬಂದ ಮೇಲೆ ಬಿಸಿಲು ಮೇಲಿನ ನೀರನ್ನು ಕಾಯಿಸುತ್ತದೆ. ಗಾಳಿ ಅದನ್ನು ಸ್ವಲ್ಪ ಆಳದವರೆಗೆ ಕಲಕುತ್ತದೆ. ಕೆಳಗಿನ ತಣ್ಣೀರು ಭಾರ, ಮೇಲಿನದು ಹಗುರ. ಹಾಗಾಗಿ ಎರಡೂ ಬೆರೆಯುವುದಿಲ್ಲ. ನಡುವೆ ಒಂದು ಗಡಿ ಹುಟ್ಟಿಕೊಳ್ಳುತ್ತದೆ. ಅಲ್ಲಿ ಕೆಲವೇ ಅಡಿ ಇಳಿಯುವಷ್ಟರಲ್ಲಿ ಎಂಟು ಹತ್ತು ಡಿಗ್ರಿ ಬಿದ್ದುಹೋಗುತ್ತದೆ. ಇದೇ ಥರ್ಮೋಕ್ಲೈನ್. ಬೇಸಿಗೆ ಮುಂದುವರಿದಂತೆ ಇದು ಗಟ್ಟಿಯಾಗುತ್ತದೆ, ಸಾಮಾನ್ಯವಾಗಿ ಕೆಳಕ್ಕೂ ಸರಿಯುತ್ತದೆ. ಆಗಸ್ಟ್‌ನಲ್ಲಿ 50 ಅಡಿ, 70 ಅಡಿ ಆಳದಲ್ಲಿರುವುದು ಸಾಮಾನ್ಯ.

ಮೀನಿನ ಮೈ ಬಿಸಿ ಸುತ್ತಲಿನ ನೀರಿನ ಬಿಸಿಯೇ. ತಿಂದದ್ದು ಅರಗುವುದು, ಓಡಾಡುವ ಶಕ್ತಿ, ಬೇಕಾದ ಆಮ್ಲಜನಕ ಎಲ್ಲವೂ ನೀರಿನ ಉಷ್ಣತೆಯ ಮೇಲೆ ನಿಂತಿವೆ. ಚಿನೂಕ್‌ಗೆ ಹಿತವಾದದ್ದು ಸುಮಾರು 10ರಿಂದ 13 ಡಿಗ್ರಿ. ಅಂದರೆ ಥರ್ಮೋಕ್ಲೈನ್‌ನ ಆಸುಪಾಸು, ಹೆಚ್ಚಾಗಿ ಅದರ ಕೆಳಗಿನ ಅಂಚು. ಅದರ ಊಟವಾದ ಏಲ್‌ವೈಫ್ ಮೀನಿಗೆ ಇನ್ನೂ ಸ್ವಲ್ಪ ಬೆಚ್ಚಗಿನ ನೀರು ಬೇಕು. ಹಾಗಾಗಿ ಸಾಲ್ಮನ್ ತಂಪಿನಲ್ಲಿ ನಿಂತು, ಮೇಲೆ ನುಗ್ಗಿ ತಿಂದು, ಮತ್ತೆ ಕೆಳಗಿಳಿಯುತ್ತದೆ. ಮುಂಜಾನೆ ಬೆಳಕು ಕಡಿಮೆ ಇದ್ದಾಗ ಮೇಲೆಯೇ ಸಿಗುತ್ತದೆ. ಬಿಸಿಲೇರಿದಂತೆ ಆಳಕ್ಕೆ ಹೋಗುತ್ತದೆ. ಬಾಡಿಗೆಗೆ ಮೀನು ಹಿಡಿಯಲು ಕರೆದೊಯ್ಯುವ ಚಾರ್ಟರ್ ದೋಣಿಯವರು ನಸುಕಿನಲ್ಲಿ ಹೊರಡೋಣ ಅಂತ ಹಟ ಹಿಡಿಯುವುದು ಇದಕ್ಕೇ.

ಈ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ನನ್ನ ಪ್ರಕಾರ ಹೊಸಬರು ಕಲಿಯಬೇಕಾದ ಮೊದಲ ಪಾಠ ಇದೇ. ಯಾವ ಬಣ್ಣದ ಲೂರ್ ಅನ್ನುವುದು ಆಮೇಲೆ. ಉತ್ತರಾರ್ಧಗೋಳದಲ್ಲಿ ಭೂಮಿ ತಿರುಗುವ ಕಾರಣಕ್ಕೆ, ಗಾಳಿ ತಳ್ಳಿದ ಮೇಲ್ನೀರು ಗಾಳಿ ಹೋಗುವ ದಿಕ್ಕಿನ ಬಲಕ್ಕೆ ಸರಿಯುತ್ತದೆ. ಮಿಲ್ವಾಕಿ ಇರುವುದು ಮಿಷಿಗನ್ ಸರೋವರದ ಪಶ್ಚಿಮ ದಡದಲ್ಲಿ. ನೈಋತ್ಯದ ಗಾಳಿ ಎರಡು ಮೂರು ದಿನ ಬೀಸಿತು ಅಂದುಕೊಳ್ಳಿ. ಬೆಚ್ಚಗಿನ ಮೇಲ್ನೀರು ಪೂರ್ವಕ್ಕೆ ಸರಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ತಳದ ತಣ್ಣೀರು ದಡದ ಹತ್ತಿರವೇ ಏರಿ ಬರುತ್ತದೆ. ಅದರ ಜತೆಗೇ ಸಾಲ್ಮನ್ ಕೂಡ 40–50 ಅಡಿ ಆಳದ ನೀರಿಗೆ ಬಂದುಬಿಡುತ್ತದೆ. ಸಣ್ಣ ದೋಣಿ ಇದ್ದವರಿಗೆ ಅದು ಹಬ್ಬ. ಗಾಳಿ ಈಶಾನ್ಯಕ್ಕೆ ತಿರುಗಿತೋ, ಬಿಸಿನೀರು ದಡಕ್ಕೆ ಬಂದು ಒಟ್ಟುತ್ತದೆ, ತಂಪಿನ ಗಡಿ 100 ಅಡಿಗೆ ಕುಸಿಯುತ್ತದೆ. ಆಗ ಮೈಲಿಗಟ್ಟಲೆ ಒಳಗೆ ಹೋಗಬೇಕು.

ಒಂಟಾರಿಯೊ ಸರೋವರ ಪೂರ್ವ-ಪಶ್ಚಿಮವಾಗಿ ಮಲಗಿದೆ. ಅಲ್ಲಿ ಪಶ್ಚಿಮದ ಗಾಳಿ ಉತ್ತರ ದಡದ ಟೊರಾಂಟೊ ಕಡೆಗೆ ತಣ್ಣೀರು ಎಬ್ಬಿಸುತ್ತದೆ. ಪೂರ್ವದ ಗಾಳಿ ದಕ್ಷಿಣ ದಡದಲ್ಲಿ, ಅಂದರೆ ನ್ಯೂಯಾರ್ಕ್ ರಾಜ್ಯದ ಓಲ್ಕಾಟ್, ಓಸ್ವೀಗೊ ಕಡೆ ತಂಪು ತರುತ್ತದೆ. ನಿನ್ನೆ ಹಿತವಾಗಿದ್ದ ಬೀಚ್‌ನಲ್ಲಿ ಇವತ್ತು ಕಾಲಿಡಲು ಆಗುತ್ತಿಲ್ಲ ಅಂತ ಟೊರಾಂಟೊದಲ್ಲಿ ಈಜುವವರು ಹೇಳುವುದನ್ನು ಕೇಳಿರಬಹುದು. ಅದರ ಕಾರಣ ಇದೇ. ಹಾಗಾಗಿ ಅನುಭವಸ್ಥರು ಶನಿವಾರದ ಮೀನು ಬೇಟೆಗೆ ಗುರುವಾರದಿಂದಲೇ ಗಾಳಿ ಯಾವ ಕಡೆಯಿಂದ ಅಂತ ನೋಡುತ್ತಿರುತ್ತಾರೆ.

ಬೇಕಾದ ನೀರು 70 ಅಡಿ ಕೆಳಗಿದೆ ಅಂತ ಗೊತ್ತಾಯಿತು. ಚಲಿಸುತ್ತಿರುವ ದೋಣಿಯಿಂದ ಹಗುರವಾದ ಒಂದು ತಗಡಿನ ಲೂರ್ ಅನ್ನು ಅಲ್ಲಿಗೆ ಇಳಿಸುವುದು ಹೇಗೆ? ದಾರಕ್ಕೇ ಭಾರ ಕಟ್ಟಿದರೆ ಮೀನು ಸಿಕ್ಕಾಗ ಆ ಭಾರವನ್ನೂ ಎಳೆಯಬೇಕು. ಡೌನ್‌ರಿಗ್ಗರ್ ಈ ತೊಂದರೆಯನ್ನು ಸೊಗಸಾಗಿ ಬಿಡಿಸಿದೆ. ದೋಣಿಯ ಹಿಂಭಾಗದಲ್ಲಿ ಒಂದು ರಾಟೆ, ಅದಕ್ಕೆ ಉಕ್ಕಿನ ತಂತಿ, ತಂತಿಯ ತುದಿಗೆ 10ರಿಂದ 15 ಪೌಂಡ್ ತೂಕದ ಗುಂಡು. ಗುಂಡಿನ ಬಳಿ ಒಂದು ಕ್ಲಿಪ್. ಗಾಳದ ದಾರವನ್ನು ಆ ಕ್ಲಿಪ್ಪಿಗೆ ಸಿಕ್ಕಿಸಿ, ಗುಂಡನ್ನು ಇಳಿಸುತ್ತಾರೆ. ಲೂರ್ ಗುಂಡಿನ ಹಿಂದೆ 10–30 ಅಡಿ ದೂರದಲ್ಲಿ ಈಜುತ್ತಾ ಬರುತ್ತದೆ. ಮೇಲೆ ರಾಡ್ ಬಿಲ್ಲಿನ ಹಾಗೆ ಬಾಗಿ ನಿಂತಿರುತ್ತದೆ. ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ರಾಡ್ ಟಣ್ಣನೆ ಮೇಲೆ ಚಿಮ್ಮುತ್ತದೆ. ಆಮೇಲೆ ಮೀನಿಗೂ ನಿಮಗೂ ನಡುವೆ ದಾರ ಬಿಟ್ಟು ಬೇರೇನೂ ಇಲ್ಲ.

ರಾಟೆಯ ಮೀಟರ್ 100 ಅಡಿ ತೋರಿಸಿದರೂ ಗುಂಡು 100 ಅಡಿಯಲ್ಲಿ ಇರುವುದಿಲ್ಲ. ನೀರಿನ ಒತ್ತಡಕ್ಕೆ ತಂತಿ ಹಿಂದಕ್ಕೆ ವಾಲುತ್ತದೆ. ವೇಗ ಜಾಸ್ತಿಯಾದಷ್ಟೂ ಗುಂಡು ಮೇಲೇರುತ್ತದೆ. ಭಾರವಾದ ಗುಂಡು ಹಾಕಿದರೆ ವಾಲುವುದು ಕಡಿಮೆ. ಎಷ್ಟು ಅಡಿ ಇಳಿಸಿದೆ ಅನ್ನುವುದಕ್ಕಿಂತ ಅಲ್ಲಿ ಎಷ್ಟು ಡಿಗ್ರಿ ಇದೆ ಅನ್ನುವುದು ಮುಖ್ಯ. ಅದಕ್ಕಾಗಿ ಗುಂಡಿನ ಬಳಿಯೇ ಕಟ್ಟುವ ಒಂದು ಸಾಧನ ಇದೆ. ಅದು ಆ ಆಳದ ಉಷ್ಣತೆಯನ್ನೂ ವೇಗವನ್ನೂ ಮೇಲಕ್ಕೆ ಕಳಿಸುತ್ತದೆ. ದುಡ್ಡು ಒಂದೇ ಸಾಧನಕ್ಕೆ ಸಾಕಾಗುತ್ತದೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇನ್ನೊಂದು ಪೆಟ್ಟಿಗೆ ತುಂಬ ಲೂರ್ ಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ವೇಗವನ್ನು ಯಾಕೆ ಕೆಳಗೆ ಅಳೆಯಬೇಕು? ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗ. ಸರೋವರದೊಳಗೆ ಪದರ ಪದರಕ್ಕೂ ಬೇರೆ ಬೇರೆ ಪ್ರವಾಹ ಇರುತ್ತದೆ. ಮೇಲಿನ ನೀರು ಪೂರ್ವಕ್ಕೆ ಹೋಗುತ್ತಿದ್ದರೆ ಕೆಳಗಿನದು ಪಶ್ಚಿಮಕ್ಕೆ ಹೋಗುತ್ತಿರಬಹುದು. ಸಾಲ್ಮನ್‌ಗೆ ಸಾಮಾನ್ಯವಾಗಿ ಗಂಟೆಗೆ 3ರಿಂದ 5 ಕಿಲೋಮೀಟರ್ ವೇಗ ಸರಿಹೋಗುತ್ತದೆ. ಜಿಪಿಎಸ್‌ನಲ್ಲಿ 4 ಅಂತ ಇದ್ದರೂ, ಕೆಳಗಿನ ಪ್ರವಾಹ ಎದುರಿದ್ದರೆ ಲೂರ್‌ಗೆ ಅದು 5 ಆಗುತ್ತದೆ. ಅದೇ ಪ್ರವಾಹದ ಜತೆಗೆ ಹೋಗುವಾಗ 3 ಆಗಿಬಿಡುತ್ತದೆ. ಒಂದು ದಿಕ್ಕಿನಲ್ಲಿ ಹೋಗುವಾಗ ಮೇಲಿಂದ ಮೇಲೆ ಕಚ್ಚಿ, ತಿರುಗಿ ಅದೇ ದಾರಿಯಲ್ಲಿ ಬರುವಾಗ ಒಂದೂ ಕಚ್ಚದೇ ಇರುವುದು ಇಲ್ಲಿ ದಿನನಿತ್ಯದ ಮಾತು. ಮೀನು ಅಲ್ಲೇ ಇದೆ. ಲೂರ್‌ನ ನಡೆ ಕೆಟ್ಟಿದೆ ಅಷ್ಟೇ.

ಆ ದುಬಾರಿ ಸಾಧನ ಇಲ್ಲದವರಿಗೂ ಒಂದು ಉಪಾಯ ಇದೆ. ದೋಣಿಯನ್ನು ನೇರ ಓಡಿಸುವ ಬದಲು ಆಗಾಗ ಉದ್ದನೆಯ ತಿರುವು ತೆಗೆದುಕೊಳ್ಳಿ. ತಿರುವಿನ ಹೊರಗಡೆಯ ದಾರಗಳು ಜೋರಾಗಿ ಹೋಗುತ್ತವೆ. ಒಳಗಡೆಯವು ನಿಧಾನವಾಗಿ ಕೆಳಗಿಳಿಯುತ್ತವೆ. ಹೊರಗಿನ ರಾಡ್‌ಗೆ ಬಿದ್ದರೆ ಇನ್ನು ಸ್ವಲ್ಪ ವೇಗ ಬೇಕು ಅಂತ ಅರ್ಥ. ಒಳಗಿನದಕ್ಕೆ ಬಿದ್ದರೆ ನಿಧಾನ ಮಾಡಬೇಕು, ಇಲ್ಲವೇ ಇನ್ನಷ್ಟು ಆಳಕ್ಕೆ ಬಿಡಬೇಕು. ಒಂದು ರೂಪಾಯಿ ಖರ್ಚಿಲ್ಲದೆ ಸಿಗುವ ಮಾಹಿತಿ ಇದು.

ಲೂರ್‌ಗಳಲ್ಲಿ ಎರಡು ಮುಖ್ಯ. ಒಂದು ಸ್ಪೂನ್. ಬಾಗಿದ ತಗಡಿನ ತುಂಡು, ಗಾಯಗೊಂಡ ಏಲ್‌ವೈಫ್ ಹಾಗೆ ಹೊರಳುತ್ತದೆ. ಇನ್ನೊಂದು ಫ್ಲ್ಯಾಶರ್ ಮತ್ತು ಫ್ಲೈ. ಫ್ಲ್ಯಾಶರ್ ಅಂದರೆ ಗೇಣುದ್ದದ ಹೊಳೆಯುವ ಪಟ್ಟಿ. ಅದಕ್ಕೆ ಗಾಳ ಇರುವುದಿಲ್ಲ. ಅದು ನೀರಿನಲ್ಲಿ ಸುತ್ತುತ್ತಾ ಮಿಂಚುತ್ತದೆ, ಇನ್ನೊಂದು ಸಾಲ್ಮನ್ ಬೇಟೆಯಾಡುತ್ತಿರುವ ಹಾಗೆ ದೂರದಿಂದ ಕಾಣುತ್ತದೆ. ಅದರ ಹಿಂದೆ ಎರಡಡಿ ಅಂತರದಲ್ಲಿ ಮಿನುಗುವ ಎಳೆಗಳ ಒಂದು ಸಣ್ಣ ಕುಚ್ಚು, ಅದೇ ಫ್ಲೈ. ಗಾಳ ಇರುವುದು ಅಲ್ಲಿ. ಬಣ್ಣದ ಬಗ್ಗೆ ಜನ ದಿನವಿಡೀ ವಾದ ಮಾಡುತ್ತಾರೆ. ಭೌತಶಾಸ್ತ್ರ ಹೇಳುವುದು ಇಷ್ಟು: ಆಳಕ್ಕೆ ಹೋದಂತೆ ಕೆಂಪು ಬೆಳಕು ಮೊದಲು ಮಾಯವಾಗುತ್ತದೆ, ಹಸಿರು ಮತ್ತು ನೀಲಿ ಕೊನೆಯವರೆಗೆ ಉಳಿಯುತ್ತವೆ. ಹಾಗಾಗಿ ಆಳದಲ್ಲಿ ಹಸಿರು, ನೀಲಿ, ಬಿಳಿ. ಕತ್ತಲಿರುವಾಗ ತಾನೇ ಬೆಳಗುವ ಬಣ್ಣ ಹಚ್ಚಿದವು.

ಡೌನ್‌ರಿಗ್ಗರ್ ಎರಡೋ ಮೂರೋ ಇರುತ್ತವೆ. ಉಳಿದ ದಾರಗಳಿಗೆ ಬೇರೆ ದಾರಿಗಳಿವೆ. ಡಿಪ್ಸಿ ಡೈವರ್ ಅನ್ನುವ ಪ್ಲಾಸ್ಟಿಕ್ ತಟ್ಟೆ ನೀರಿನ ಒತ್ತಡಕ್ಕೆ ತಾನೇ ಕೆಳಗೂ ಪಕ್ಕಕ್ಕೂ ಮುಳುಗುತ್ತದೆ. ಸೀಸದ ಎಳೆ ಒಳಗಿರುವ ದಾರ ತನ್ನ ಭಾರಕ್ಕೆ ಇಳಿಯುತ್ತದೆ. ಅದರ ಬಣ್ಣ ಪ್ರತಿ 30 ಅಡಿಗೊಮ್ಮೆ ಬದಲಾಗುವುದರಿಂದ ‘ಐದು ಬಣ್ಣ ಬಿಟ್ಟೆ, ಹತ್ತು ಬಣ್ಣ ಬಿಟ್ಟೆ’ ಅಂತಲೇ ಲೆಕ್ಕ ಹೇಳುತ್ತಾರೆ. ಇನ್ನೂ ಆಳಕ್ಕೆ ತಾಮ್ರದ ತಂತಿ. ಇವುಗಳ ಲೂರ್ ದೋಣಿಯಿಂದ ದೂರ ಇರುತ್ತದೆ. ಎಂಜಿನ್ ಸದ್ದಿಗೆ ಬೆದರುವ ಮೀನಿಗೆ ಅದು ಅನುಕೂಲ.

ಈ ಸಾಲ್ಮನ್ ಇಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನು ಹೇಳಲೇಬೇಕು. ಚಿನೂಕ್, ಕೋಹೊ ಅನ್ನುವ ಎರಡೂ ಜಾತಿಯ ಸಾಲ್ಮನ್ ಪೆಸಿಫಿಕ್ ಸಾಗರದ ಮೀನುಗಳು. ಸಿಹಿನೀರಿನ ಈ ಸರೋವರಗಳಿಗೆ ಅವನ್ನು ಮನುಷ್ಯರು ತಂದು ಬಿಟ್ಟರು. ಅದಕ್ಕೆ ಮುಂಚೆ ಇಲ್ಲಿನ ರಾಜ ಲೇಕ್ ಟ್ರೌಟ್. ನಯಾಗರ ಜಲಪಾತ ಸಮುದ್ರದ ಜೀವಿಗಳನ್ನು ಮೇಲಿನ ಸರೋವರಗಳಿಗೆ ಬಾರದಂತೆ ತಡೆದಿತ್ತು. ಜಲಪಾತವನ್ನು ಬಳಸಿ ಹೋಗಲು ಹಡಗುಗಳಿಗೆ ವೆಲ್ಯಾಂಡ್ ಕಾಲುವೆ ಕಟ್ಟಿದ ಮೇಲೆ ಆ ಬಾಗಿಲು ತೆರೆಯಿತು. ಹಾವುಮೀನಿನ ಆಕಾರದ, ಬೇರೆ ಮೀನಿಗೆ ಬಾಯಿ ಅಂಟಿಸಿ ರಕ್ತ ಹೀರುವ ಲ್ಯಾಂಪ್ರೆ 1921ರಲ್ಲಿ ಈರಿ ಸರೋವರದಲ್ಲಿ, 1930ರ ದಶಕದಲ್ಲಿ ಮಿಷಿಗನ್, ಹ್ಯೂರಾನ್, ಸುಪೀರಿಯರ್‌ಗಳಲ್ಲಿ ಕಾಣಿಸಿಕೊಂಡಿತು. ಮೊದಲೇ ಮಿತಿಮೀರಿ ಹಿಡಿಯಲಾಗುತ್ತಿದ್ದ ಲೇಕ್ ಟ್ರೌಟ್ ಮಿಷಿಗನ್ ಸರೋವರದಿಂದ ಪೂರ್ತಿ ಅಳಿದೇಹೋಯಿತು.

ಏಲ್‌ವೈಫ್ ಕೂಡ ಹೊರಗಿನಿಂದ ಒಳಗೆ ಸೇರಿದ ಮೀನು. ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. 1949ರಲ್ಲಿ ಮಿಷಿಗನ್ ಸರೋವರದಲ್ಲಿ ಕಂಡಿತು. ತಿನ್ನುವ ದೊಡ್ಡ ಮೀನು ಇಲ್ಲದ ಕಾರಣ ಲೆಕ್ಕವಿಲ್ಲದಷ್ಟು ಬೆಳೆಯಿತು. 1967ರ ಬೇಸಿಗೆಯಲ್ಲಿ ಅವು ರಾಶಿ ರಾಶಿ ಸತ್ತು ಚಿಕಾಗೊ ಬೀಚ್‌ಗಳಲ್ಲಿ ಬಿದ್ದಿದ್ದವು. ಅಷ್ಟರಲ್ಲಿ ಎರಡು ಒಳ್ಳೆಯ ಕೆಲಸ ಆಗಿತ್ತು. ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ, ಲ್ಯಾಂಪ್ರೆ ಮರಿಗಳನ್ನು ತೊರೆಗಳಲ್ಲೇ ಕೊಲ್ಲುವ ಟಿಎಫ್‌ಎಂ ಅನ್ನುವ ಮದ್ದು ಕಂಡುಹಿಡಿದು, 1958ರಿಂದ ಬಳಸತೊಡಗಿದ್ದರು. ಮಿಷಿಗನ್ ರಾಜ್ಯದ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹೋವರ್ಡ್ ಟ್ಯಾನರ್ 1966ರ ವಸಂತದಲ್ಲಿ ಕೋಹೊ ಮರಿಗಳನ್ನು ಪ್ಲಾಟ್ ನದಿಯಲ್ಲಿ ಬಿಡಿಸಿದರು. 1967ರಲ್ಲಿ ಚಿನೂಕ್ ಬಿಟ್ಟರು. ಸಾಲ್ಮನ್ ಏಲ್‌ವೈಫ್ ತಿಂದು ಬೆಳೆಯಿತು. ಬೀಚ್ ಶುಚಿಯಾಯಿತು, ಸತ್ತುಹೋಗಿದ್ದ ಬಂದರುಗಳಿಗೆ ಜೀವ ಬಂತು. ಈಗ ಮಿಷಿಗನ್ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನದಿಗಳಲ್ಲೇ ತಾವಾಗಿ ಹುಟ್ಟಿದವು. 2021ರ ಆಗಸ್ಟ್‌ನಲ್ಲಿ ಲುಡಿಂಗ್ಟನ್ ಬಳಿ ಸಿಕ್ಕ ಚಿನೂಕ್ 47.86 ಪೌಂಡ್ ತೂಗಿತು. ಹತ್ತಿರ ಹತ್ತಿರ 22 ಕೆ.ಜಿ. ಅದು ಮಿಷಿಗನ್ ರಾಜ್ಯದ ದಾಖಲೆಯಾಯಿತು.

ಇನ್ನು ವಾಲೈ. ಇದು ಇಲ್ಲಿಯದೇ ಮೀನು. ಇದರ ಮನೆ ಅಂದರೆ ಈರಿ ಸರೋವರ. ಸಾಲ್ಮನ್ ಹಿಡಿಯಲು ಕಲಿತ ಯಾವ ಪಾಠವನ್ನೂ ಇಲ್ಲಿ ಹಾಗೇ ತಂದು ಹಾಕಲಾಗದು. ಕಾರಣ ಸರೋವರದ ಆಳ. ಮಿಷಿಗನ್ ಸರೋವರದ ಸರಾಸರಿ ಆಳ 279 ಅಡಿ. ಈರಿಯದು ಬರೀ 62 ಅಡಿ. ಅದರ ಪಶ್ಚಿಮ ಭಾಗವಂತೂ ಸರಾಸರಿ 24 ಅಡಿ, ಗಾಳಿ ಬಂದರೆ ತಳದವರೆಗೂ ಕಲಕುತ್ತದೆ. ಅಲ್ಲಿ ಬೇಸಿಗೆಯ ಪದರಗಳು ಬಹಳ ದಿನ ನಿಲ್ಲುವುದಿಲ್ಲ.

ವಾಲೈಗೆ 18ರಿಂದ 22 ಡಿಗ್ರಿ ನೀರು ಹಿತ. ಅದು ತಂಪಿನ ಸೆರೆಯಾಳಲ್ಲ. ಅದನ್ನು ಆಳುವುದು ಬೆಳಕು ಮತ್ತು ಊಟ. ಅದರ ಕಣ್ಣಿನ ಹಿಂದೆ ಬೆಳಕನ್ನು ಮರಳಿಸುವ ಒಂದು ಪದರ ಇದೆ. ಬೆಕ್ಕಿನ ಕಣ್ಣಲ್ಲೂ ಇಂಥದ್ದೇ ಇರುತ್ತದೆ. ಮಬ್ಬಿನಲ್ಲಿ, ಕದಡಿದ ನೀರಿನಲ್ಲಿ ಬೇರೆ ಮೀನು ತಡಕಾಡುವಾಗ ವಾಲೈಗೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಸಂಜೆ, ಮುಂಜಾನೆ ಅದರ ಹೊತ್ತು. ಹಗಲಲ್ಲಾದರೆ ಸಣ್ಣ ಅಲೆಗಳಿದ್ದು ಬೆಳಕು ಒಡೆದಿರುವ ದಿನ ಒಳ್ಳೆಯದು. ಕನ್ನಡಿಯಂಥ ನೀರು ನೋಡಲಿಕ್ಕೆ ಚೆಂದ, ವಾಲೈಗೆ ಚೆಂದವಲ್ಲ.

ಏಪ್ರಿಲ್ ಹೊತ್ತಿಗೆ ಇವು ಪಶ್ಚಿಮದ ಕಲ್ಲುದಿಬ್ಬಗಳ ಮೇಲೆ, ಮೌಮಿ ಮತ್ತು ಸ್ಯಾಂಡಸ್ಕಿ ನದಿಗಳಲ್ಲಿ ಮೊಟ್ಟೆ ಇಡುತ್ತವೆ. ಆಮೇಲೆ ದೊಡ್ಡ ಮೀನುಗಳು ಪೂರ್ವಕ್ಕೆ ಪ್ರಯಾಣ ಹೊರಡುತ್ತವೆ. ಜೂನ್‌ನಲ್ಲಿ ಒಹಾಯೊ ರಾಜ್ಯದ ಪೋರ್ಟ್ ಕ್ಲಿಂಟನ್, ಹ್ಯೂರಾನ್ ಊರುಗಳ ಮುಂದೆ ಇದ್ದವು ಜುಲೈ, ಆಗಸ್ಟ್‌ನಲ್ಲಿ ಆಷ್ಟಬ್ಯುಲಾ, ಕಾನಿಯಾಟ್ ದಾಟಿ ನ್ಯೂಯಾರ್ಕ್‌ನ ಡನ್‌ಕರ್ಕ್ ಕಡೆಗೂ ಹೋಗುತ್ತವೆ. ಪಶ್ಚಿಮದಲ್ಲಿ ಉಳಿಯುವವು ಹೆಚ್ಚಾಗಿ ಸಣ್ಣವು. ಬೇಸಿಗೆಯಲ್ಲಿ ಯಾವ ಬಂದರಿನಿಂದ ಹೊರಡಬೇಕು ಅನ್ನುವುದನ್ನು ಈ ಪ್ರಯಾಣವೇ ತೀರ್ಮಾನಿಸುತ್ತದೆ.

ಈರಿಯ ನಡುಭಾಗದಲ್ಲಿ ಒಂದು ವಿಚಿತ್ರ ಇದೆ. ಅಲ್ಲಿ ಸರಾಸರಿ 60 ಅಡಿ ಆಳ. ಥರ್ಮೋಕ್ಲೈನ್ 45–55 ಅಡಿಯಲ್ಲಿ ಕೂತರೆ ಅದರ ಕೆಳಗೆ ಉಳಿಯುವುದು ತೆಳ್ಳನೆಯ ತಣ್ಣೀರಿನ ಪದರ. ಹೊಲಗಳಿಂದ ಹರಿದುಬಂದ ರಂಜಕದಿಂದ ಪಾಚಿ ಹೇರಳವಾಗಿ ಬೆಳೆಯುತ್ತದೆ, ಸತ್ತು ತಳಕ್ಕೆ ಬೀಳುತ್ತದೆ, ಕೊಳೆಯುತ್ತಾ ಆ ಪದರದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೇಲಿಂದ ಹೊಸ ಗಾಳಿ ಇಳಿಯಲು ಗಡಿ ಬಿಡುವುದಿಲ್ಲ. ಆಗಸ್ಟ್‌ನಲ್ಲಿ ಆ ಕೆಳಪದರ ಮೀನಿಗೆ ಉಸಿರುಗಟ್ಟುವ ಜಾಗ. ಸಾಲ್ಮನ್ ಹುಡುಕುವವರು ಯಾವ ತಂಪನ್ನು ಬಯಸುತ್ತಾರೋ, ಇಲ್ಲಿ ಅದೇ ತಂಪಿನೊಳಗೆ ಲೂರ್ ಬಿಟ್ಟರೆ ಇಡೀ ದಿನ ವ್ಯರ್ಥ. ವಾಲೈ ಗಡಿಯ ಮೇಲೆ, 25–45 ಅಡಿಯಲ್ಲಿ, ಸಣ್ಣ ಮೀನುಗಳ ಗುಂಪಿನ ಸುತ್ತ ತೇಲುತ್ತಿರುತ್ತದೆ. ಸೋನಾರ್ ಪರದೆಯಲ್ಲಿ ಥರ್ಮೋಕ್ಲೈನ್ ಒಂದು ಮಸುಕು ಗೆರೆಯಾಗಿ ಕಾಣುತ್ತದೆ. ಅದಕ್ಕಿಂತ ಕೆಳಗೆ ಏನೂ ಬಿಡಬೇಡಿ.

ಮೀನು ಮೇಲ್ಮಟ್ಟದಲ್ಲಿ, ದೋಣಿಗೆ ಹತ್ತಿರ ಇರುವಾಗ ಸಮಸ್ಯೆಯೇ ಬದಲಾಗುತ್ತದೆ. ಆಳಕ್ಕೆ ಇಳಿಸುವುದಕ್ಕಿಂತ ಪಕ್ಕಕ್ಕೆ ಹರಡುವುದು ಮುಖ್ಯವಾಗುತ್ತದೆ. ಅದಕ್ಕೆ ಪ್ಲೇನರ್ ಬೋರ್ಡ್ ಇದೆ. ಒಂದು ತುದಿ ಓರೆಯಾಗಿ ಕತ್ತರಿಸಿದ ತೇಲುವ ಹಲಗೆ. ಎಳೆದರೆ ನೀರಿನ ಒತ್ತಡಕ್ಕೆ ಪಕ್ಕಕ್ಕೆ ಸರಿದುಕೊಂಡು ಓಡುತ್ತದೆ. ಎಡಕ್ಕೆ ಮೂರು, ಬಲಕ್ಕೆ ಮೂರು ಬಿಟ್ಟರೆ ನೂರಾರು ಅಡಿ ಅಗಲದ ನೀರು ನಿಮ್ಮದಾಗುತ್ತದೆ, ದೋಣಿಯ ನೆರಳು, ಸದ್ದು ತಾಗದ ಹಾಗೆ. ಹಲಗೆ ಹಿಂದಕ್ಕೆ ಜಗ್ಗಿತೋ, ಮೀನು ಬಿತ್ತು.

ಆಳದ ಲೆಕ್ಕ ಇಲ್ಲಿ ದಾರದ ಉದ್ದದಲ್ಲಿ ನಡೆಯುತ್ತದೆ. ಕ್ರ್ಯಾಂಕ್‌ಬೇಟ್ ಅನ್ನುವ ಮರಿಮೀನಿನಾಕಾರದ ಲೂರ್‌ಗೆ ಮೂತಿಯಲ್ಲಿ ಒಂದು ತುಟಿ ಇರುತ್ತದೆ. ಎಷ್ಟು ಉದ್ದ ದಾರ ಬಿಡುತ್ತೀರೋ ಅದರ ಮೇಲೆ ಅದು ಎಷ್ಟು ಮುಳುಗುತ್ತದೆ ಅನ್ನುವುದು ನಿಂತಿದೆ. ಅದಕ್ಕೇ ಅಡಿ ಎಣಿಸುವ ಮೀಟರ್ ಇರುವ ರೀಲ್ ಬೇಕೇ ಬೇಕು. ಒಂದು ರಾಡ್‌ಗೆ ಮೀನು ಬಿದ್ದಾಗ ಮೀಟರ್‌ನಲ್ಲಿ ಎಷ್ಟಿತ್ತು ಅಂತ ಗೊತ್ತಿದ್ದರೆ ಉಳಿದ ರಾಡ್‌ಗಳನ್ನೂ ಅಲ್ಲಿಗೇ ತರಬಹುದು. ಗೊತ್ತಿಲ್ಲದಿದ್ದರೆ ಅದು ಸುಮ್ನೆ ಅದೃಷ್ಟ. ನೀರು ಬೆಚ್ಚಗಾದ ಮೇಲೆ ಎರೆಹುಳುವೂ ಚೆನ್ನಾಗಿ ಕೆಲಸ ಮಾಡುತ್ತದೆ. ಬಣ್ಣದ ಮಣಿ, ತಿರುಗುವ ತಗಡು, ಅದರ ಹಿಂದೆ ಎರಡು ಗಾಳಕ್ಕೆ ಉದ್ದಕ್ಕೆ ಸಿಕ್ಕಿಸಿದ ಎರೆಹುಳು. ಇದನ್ನು ಗಂಟೆಗೆ 1.6ರಿಂದ 2.4 ಕಿಲೋಮೀಟರ್ ವೇಗದಲ್ಲಿ, ನಡೆಯುವುದಕ್ಕಿಂತ ನಿಧಾನವಾಗಿ ಎಳೆಯಬೇಕು. ಬೇಸಿಗೆ ನಡುವಿನಲ್ಲಿ ಸಣ್ಣ ಸ್ಪೂನ್‌ಗಳನ್ನು ಹಾಕಿದರೆ ಸಾಲ್ಮನ್‌ನಷ್ಟೇ ವೇಗ ಬೇಕು. ಒಂದೇ ದೋಣಿಯಲ್ಲಿ ಎರೆಹುಳು ಮತ್ತು ಸ್ಪೂನ್ ಬೆರೆಸಿದರೆ ಯಾವುದೋ ಒಂದಕ್ಕೆ ವೇಗ ತಪ್ಪುತ್ತದೆ. ಬೆಳಿಗ್ಗೆಯೇ ಒಂದನ್ನು ಆರಿಸಿಕೊಳ್ಳುವುದು ಜಾಣತನ.

ಈ ಎರಡು ಮೀನುಗಳ ಕಥೆ ಒಂದು ಕಡೆ ಸೇರುತ್ತದೆ, ಹ್ಯೂರಾನ್ ಸರೋವರದಲ್ಲಿ. 2003–04ರ ಹೊತ್ತಿಗೆ ಅಲ್ಲಿ ಏಲ್‌ವೈಫ್ ಕುಸಿದುಹೋಯಿತು. ಹಡಗುಗಳ ನೀರಿನಲ್ಲಿ ಬಂದ ಕ್ವಾಗಾ ಮತ್ತು ಜೀಬ್ರಾ ಚಿಪ್ಪುಗಳು ನೀರನ್ನು ಸೋಸಿ ಆಹಾರದ ಬುಡವನ್ನೇ ಕಿತ್ತುಕೊಂಡಿದ್ದವು. ಮೇಲಿನಿಂದ ಸಾಲ್ಮನ್‌ಗಳು ತಿನ್ನುತ್ತಲೇ ಇದ್ದವು. ಏಲ್‌ವೈಫ್ ಇಲ್ಲದೆ ಚಿನೂಕ್ ಬಡಕಲಾಗಿ, ಆ ಸರೋವರದ ಸಾಲ್ಮನ್ ಬೇಟೆಯೇ ನೆಲಕಚ್ಚಿತು. ಬಂದರು ಊರುಗಳಿಗೆ ದೊಡ್ಡ ಪೆಟ್ಟು ಬಿತ್ತು. ಅದೇ ಸಮಯಕ್ಕೆ ಸ್ಯಾಗಿನಾ ಕೊಲ್ಲಿಯಲ್ಲಿ ವಾಲೈ ತುಂಬಿ ತುಳುಕತೊಡಗಿತು. ಏಕೆಂದರೆ ಅಲ್ಲಿಯವರೆಗೆ ವಾಲೈನ ಎಳೆಮರಿಗಳನ್ನು ತಿನ್ನುತ್ತಿದ್ದದ್ದು ಇದೇ ಏಲ್‌ವೈಫ್. 2006ರಲ್ಲಿ ಅಲ್ಲಿ ವಾಲೈ ಮರಿ ಬಿಡುವುದನ್ನೇ ನಿಲ್ಲಿಸಿದರು. ಹೊರಗಿನಿಂದ ಬಂದ ಒಂದು ಪುಟ್ಟ ಮೀನು ಒಂದಕ್ಕೆ ಅನ್ನ, ಇನ್ನೊಂದಕ್ಕೆ ಶತ್ರು. ಮಿಷಿಗನ್ ಸರೋವರದಲ್ಲಿ ಹ್ಯೂರಾನ್‌ನ ಗತಿ ಬರಬಾರದು ಅಂತ 2013ರಲ್ಲಿ ಚಿನೂಕ್ ಮರಿ ಬಿಡುವುದನ್ನು ಅರ್ಧದಷ್ಟು ಕಡಿಮೆ ಮಾಡಿದರು. ಮೀನು ಹಿಡಿಯುವವರಲ್ಲಿ ಹಲವರಿಗೆ ಆಗ ಸಿಟ್ಟು ಬಂದಿತ್ತು. ಆದರೆ ಊಟ ಇಲ್ಲದ ಮನೆಗೆ ನೆಂಟರನ್ನು ಕರೆಯಲಾಗದು, ಅಲ್ವಾ? ಆ ನಿರ್ಧಾರ ಸರಿಯಾಗಿತ್ತು ಅಂತಲೇ ನನ್ನ ನಂಬಿಕೆ.

ಈರಿಯೂ ಸುಮ್ಮನೆ ಉಳಿದ ಸರೋವರವಲ್ಲ. 1969ರಲ್ಲಿ ಅದಕ್ಕೆ ಸೇರುವ ಕಯಹೋಗಾ ನದಿಯ ಮೇಲಿನ ಎಣ್ಣೆಗೆ ಬೆಂಕಿ ಹತ್ತಿತ್ತು. 1970ರಲ್ಲಿ ಪಾದರಸದ ಕಾರಣಕ್ಕೆ ವಾಲೈ ಹಿಡಿಯುವುದಕ್ಕೇ ತಡೆ ಬಿತ್ತು. 1972ರಲ್ಲಿ ಅಮೆರಿಕ ಮತ್ತು ಕೆನಡಾ ನೀರಿನ ಶುದ್ಧತೆಯ ಒಪ್ಪಂದ ಮಾಡಿಕೊಂಡವು. ಈಗ 2015, 2018, 2019, 2021ರಲ್ಲಿ ಹುಟ್ಟಿದ ದೊಡ್ಡ ಪೀಳಿಗೆಗಳಿಂದ ಅಲ್ಲಿ ವಾಲೈ ಹೇರಳ. ಆದರೂ ಪಾಚಿಯ ಕಾಟ ಹೋಗಿಲ್ಲ. 2014ರ ಆಗಸ್ಟ್‌ನಲ್ಲಿ ಪಾಚಿಯ ವಿಷದಿಂದ ಟೊಲೀಡೊ ನಗರದ ಜನ ನಲ್ಲಿ ನೀರು ಕುಡಿಯುವ ಹಾಗಿರಲಿಲ್ಲ.

ಹೋಗಿ ನೋಡಬೇಕು ಅನ್ನಿಸಿದವರಿಗೆ ಒಂದೆರಡು ಮಾತು. ಮೊದಲ ಸಲ ಚಾರ್ಟರ್ ದೋಣಿಯಲ್ಲಿ ಹೋಗಿ. ಹೆಚ್ಚಿನ ಸಣ್ಣ ಚಾರ್ಟರ್‌ಗಳು ಆರು ಜನರವರೆಗೆ ಕರೆದುಕೊಂಡು ಹೋಗುತ್ತವೆ. ಲೈಸೆನ್ಸ್ ಆಯಾ ರಾಜ್ಯ ಅಥವಾ ಪ್ರಾಂತ್ಯದ್ದೇ ಬೇಕು. ಎಷ್ಟು ಮೀನು, ಎಷ್ಟು ಉದ್ದದ್ದು ಅನ್ನುವ ನಿಯಮವನ್ನು ಆ ವರ್ಷದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಪೆಟ್ಟಿಗೆಯಲ್ಲಿ ಅಲ್ಲ. 1967ರ ಸೆಪ್ಟೆಂಬರ್ 23ರಂದು ಕೋಹೊ ಹಿಡಿಯುವ ಹುಮ್ಮಸ್ಸಿನಲ್ಲಿ ಎಚ್ಚರಿಕೆ ಲೆಕ್ಕಿಸದೆ ಸಣ್ಣ ದೋಣಿಗಳಲ್ಲಿ ಪ್ಲಾಟ್ ಕೊಲ್ಲಿಗೆ ಇಳಿದವರಲ್ಲಿ 7 ಜನ ಬಿರುಗಾಳಿಗೆ ಬಲಿಯಾದರು. ಈರಿ ಆಳ ಕಡಿಮೆ ಇರುವುದರಿಂದ ಅಲ್ಲಿ ಅಲೆಗಳು ಬೇಗ ಏಳುತ್ತವೆ, ಒಂದರ ಹಿಂದೊಂದು ಕಡಿದಾಗಿ ಬರುತ್ತವೆ.

ಬೇಸಿಗೆಯಲ್ಲಿ ಆಳದಿಂದ ಹಿಡಿದ ಮೀನನ್ನು ಬಿಟ್ಟುಬಿಡುತ್ತೇನೆ ಅನ್ನುವುದು ಒಳ್ಳೆಯ ಮನಸ್ಸಿನ ಮಾತು. ಆದರೆ ಅಷ್ಟು ಸುಲಭವಲ್ಲ. ಸಾಲ್ಮನ್ ತನ್ನ ಗಾಳಿಚೀಲದ ಗಾಳಿಯನ್ನು ಬಾಯಿಂದ ಹೊರಬಿಡಬಲ್ಲದು, ಆದರೆ 12 ಡಿಗ್ರಿಯಿಂದ 23 ಡಿಗ್ರಿಗೆ ಹೋರಾಡುತ್ತಾ ಬಂದದ್ದಕ್ಕೆ ತ್ರಾಣ ಉಳಿದಿರುವುದಿಲ್ಲ. ವಾಲೈಗೆ ಬಿಸಿ ಅಷ್ಟು ತೊಂದರೆ ಕೊಡದು, ಆದರೆ ಅದರ ಗಾಳಿಚೀಲಕ್ಕೆ ಬಾಯಿಯ ದಾರಿ ಇಲ್ಲ. ಆಳದಿಂದ ಬೇಗ ಮೇಲೆ ತಂದರೆ ಚೀಲ ಉಬ್ಬಿ ಮತ್ತೆ ಮುಳುಗಲಾಗದೆ ಒದ್ದಾಡುತ್ತದೆ. ಹಾಗಾಗಿ ತಿನ್ನುವಷ್ಟು ಸಿಕ್ಕಿತು ಅಂದಾಗ ದಾರ ಸುತ್ತಿಬಿಡುವುದೇ ಮೀನಿಗೆ ಮಾಡುವ ಉಪಕಾರ.

ತಿನ್ನುವ ವಿಷಯದಲ್ಲೂ ಲೆಕ್ಕ ಬೇಕು. ಹಳೆಯ ಕಾರ್ಖಾನೆಗಳ ಪಿಸಿಬಿ ಅನ್ನುವ ವಿಷಕಾರಿ ರಾಸಾಯನಿಕ ಇನ್ನೂ ಈ ನೀರಿನಲ್ಲಿದೆ, ದೊಡ್ಡ ಸಾಲ್ಮನ್‌ಗಳ ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಚರ್ಮ, ಹೊಟ್ಟೆಯ ಕೊಬ್ಬು ತೆಗೆದು, ಕೊಬ್ಬು ಸೋರಿಹೋಗುವಂತೆ ಸುಟ್ಟರೆ ಕಡಿಮೆಯಾಗುತ್ತದೆ. ಪಾದರಸ ಮಾತ್ರ ಮಾಂಸದಲ್ಲೇ ಇರುತ್ತದೆ, ಕತ್ತರಿಸಿ ತೆಗೆಯಲಾಗದು. ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಅಂತ ಪ್ರತಿ ರಾಜ್ಯವೂ ಪಟ್ಟಿ ಕೊಡುತ್ತದೆ. ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಯವರು ಅದನ್ನು ನೋಡಲೇಬೇಕು. ಮಧ್ಯಮ ಗಾತ್ರದ ವಾಲೈ ಕೊಬ್ಬು ಕಡಿಮೆಯ ಬಿಳಿ ಮಾಂಸದ ಮೀನು. ರವೆ ಹಚ್ಚಿ ತವಾದಲ್ಲಿ ಹುರಿದರೆ ಕರಾವಳಿಯವರೂ ಮೆಚ್ಚುತ್ತಾರೆ.

ಇದೆಲ್ಲ ನಡೆಯುವುದು ಬೇಸಿಗೆಯ ಪದರಗಳು ಇರುವವರೆಗೆ. ಆಗಸ್ಟ್ ಕೊನೆಯಿಂದಲೇ ಮೊಟ್ಟೆ ಇಡಲು ಸಿದ್ಧವಾದ ಚಿನೂಕ್‌ಗಳು ಉಷ್ಣತೆಯ ಹಂಗು ಬಿಟ್ಟು ಮ್ಯಾನಿಸ್ಟೀ, ಪುಲಾಸ್ಕಿ ಹತ್ತಿರದ ಸಾಲ್ಮನ್ ನದಿಯಂಥ ನದಿಗಳ ಬಾಯಿಗೆ ಬಂದು ಗುಂಪುಗೂಡುತ್ತವೆ. ಆ ಮೀನು ತಿನ್ನುವುದನ್ನು ಹೆಚ್ಚುಕಡಿಮೆ ನಿಲ್ಲಿಸಿರುತ್ತದೆ. ಹಸಿವಿಗಿಂತ ಸಿಟ್ಟಿಗೆ ಕಚ್ಚುವುದೇ ಜಾಸ್ತಿ. ಆಗ ಏಲ್‌ವೈಫ್ ಹೋಲುವ ಸ್ಪೂನ್ ಪಕ್ಕಕ್ಕಿಟ್ಟು, ಜೋರಾಗಿ ಅಲುಗಾಡುತ್ತಾ ಸದ್ದು ಮಾಡುವ ಪ್ಲಗ್ ಅನ್ನುವ ದಪ್ಪ ಲೂರ್‌ಗಳನ್ನು ಹೊರತೆಗೆಯುತ್ತಾರೆ.